ಈಜಲು ಪಾಲೋಲೆಂ: ಯಾವ ಹೊತ್ತು, ಯಾವ ಜಾಗ

ಅಲೆಗೆ ಹೆದರುವವರನ್ನು, ಮಕ್ಕಳನ್ನು ಕರೆದುಕೊಂಡು ಕಡಲಿಗೆ ಇಳಿಯಬೇಕೆಂದರೆ ದಕ್ಷಿಣ ಗೋವಾದ ಪಾಲೋಲೆಂಗೆ ಸಾಟಿಯಾದ ತೀರಗಳು ಈ ಭಾಗದಲ್ಲಿ ಕಡಿಮೆ. ಅರ್ಧಚಂದ್ರದಂತೆ ಬಾಗಿದ, ಸುಮಾರು ಒಂದೂವರೆ ಕಿ.ಮೀ. ಉದ್ದದ ಕೊಲ್ಲಿ ಇದು. ಎರಡೂ ತುದಿಯಲ್ಲಿ ಬಂಡೆಗಳ ಚಾಚು, ಉತ್ತರಕ್ಕೆ ಕಾಣಕೋಣ ದ್ವೀಪ. ತೆರೆಯ ರಭಸ ಬಹುಪಾಲು ಹೊರಗೇ ಮುರಿದುಹೋಗುತ್ತದೆ. ತಳವೆಲ್ಲ ಮರಳು, ಆಳವೂ ನಿಧಾನಕ್ಕೆ ಹೆಚ್ಚುವುದರಿಂದ ಕಾಲು ಥಟ್ಟನೆ ನೆಲ ತಪ್ಪುವ ಭಯವಿಲ್ಲ.

ಆದರೆ ಹೊತ್ತು ನೋಡದೆ ಹೋದರೆ ಈಜಿನ ಸುಖ ಅರ್ಧಕ್ಕರ್ಧ ಹೋಯಿತು. ಪೂರ್ತಿ ಇಳಿತದಲ್ಲಿ ಎಷ್ಟು ದೂರ ನಡೆದರೂ ನೀರು ಸೊಂಟಕ್ಕೆ ಬರುವುದಿಲ್ಲ. ಪುಟ್ಟ ಮಕ್ಕಳಿಗೆ ಅದು ಚೆನ್ನ, ಈಜುವವರಿಗಲ್ಲ. ಭರತ ಅರ್ಧ ಏರಿದ ಮೇಲೆ ಇಳಿಯಿರಿ. ಹೊರಡುವ ಮುನ್ನ ಕಾರವಾರದ ಭರತ-ಇಳಿತದ ಪಟ್ಟಿ ನೋಡಿದರೆ ಸಾಕು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬೆಳಗ್ಗೆ ಭರತ ಸಿಕ್ಕಿದರಂತೂ ಭಾಗ್ಯ, ನೀರು ಕೆರೆಯಂತೆ ನಿಂತಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ಸಣ್ಣ ಅಲೆಗಳು ಮುಖಕ್ಕೆ ಹೊಡೆಯತೊಡಗುತ್ತವೆ.

ಜಾಗವೆಂದರೆ ನಡುಭಾಗ, ಜೀವರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ. ತುದಿಯ ಬಂಡೆಗಳಿಗೆ ಅಂಟಿದ ಚಿಪ್ಪುಗಳು ಬರಿಗಾಲನ್ನು ಸೀಳುತ್ತವೆ. ಉತ್ತರದ ತುದಿಯಲ್ಲಿ ಹೊಳೆ ಸೇರುವ ಕಡೆ ಇಳಿತದ ಹೊತ್ತಿಗೆ ನೀರು ಹೊರಕ್ಕೆ ಎಳೆಯುತ್ತದೆ. ಮಕ್ಕಳನ್ನು ಅಲ್ಲಿ ಬಿಡಲೇಬೇಡಿ. ದ್ವೀಪಕ್ಕೆ ಇಳಿತದಲ್ಲಿ ನಡೆದೇ ದಾಟಬಹುದು, ಆದರೆ ನೀರು ತಿರುಗುವ ಮೊದಲೇ ಮರಳಿ. ಡಾಲ್ಫಿನ್ ತೋರಿಸಲು ಹೋಗುವ ಮೋಟಾರು ದೋಣಿಗಳ ದಾರಿಯಿಂದಲೂ ದೂರವಿರಿ, ನೀರಿನಲ್ಲಿರುವ ತಲೆ ದೋಣಿಯವರಿಗೆ ಸುಲಭಕ್ಕೆ ಕಾಣುವುದಿಲ್ಲ.

ನವೆಂಬರಿನಿಂದ ಮಾರ್ಚ್ ಸರಿಯಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ: ಮುಂಗಾರಿನ ತೆರೆ ನೈಋತ್ಯದಿಂದ ಬರುತ್ತದೆ, ಕೊಲ್ಲಿಯ ಬಾಯಿ ತೆರೆದಿರುವುದೂ ಆ ಕಡೆಗೇ. ಮರದ ಗುಡಿಸಲುಗಳನ್ನೂ ಮಳೆಗೆ ಮುಂಚೆ ಬಿಚ್ಚಿ ಇಡುತ್ತಾರೆ.

ಕೊರತೆಯೆಂದರೆ ಗದ್ದಲ. ಗುಡಿಸಲುಗಳ ಗೋಡೆ ತೆಳು, ಊಟದಂಗಡಿಗಳ ಸಾಲು ಒತ್ತಾಗಿದೆ. ನಿದ್ದೆಗೆ ಬೆಲೆ ಕೊಡುವವರು ಪಕ್ಕದ ಪಾಟ್ನೆಂನಲ್ಲಿ ತಂಗಿ, ಈಜಲು ಇಲ್ಲಿಗೆ ಬರಲಿ. ಅಲ್ಲಿ ಅಲೆ ತುಸು ಜೋರು. ಕಾಣಕೋಣ ರೈಲು ನಿಲ್ದಾಣದಿಂದ ಆಟೊ ಹಿಡಿದರೆ ಕೆಲವೇ ನಿಮಿಷ. ಕಾರವಾರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಗ್ಗೆ ಬಂದು ಸಂಜೆ ಮರಳಬಹುದು.