ಗ್ನೋಮ್ ಡಿಸ್ಕ್ಸ್: ಮೌಂಟ್ ಸಲೀಸು, ಪರ್ಮಿಷನ್ ತಲೆನೋವು

ಉಬುಂಟುವಿನಲ್ಲಿ ಎರಡನೇ ಹಾರ್ಡ್ ಡಿಸ್ಕ್ ಮೌಂಟ್ ಮಾಡುವವರಿಗೆ (ಫೋಲ್ಡರ್ ಒಂದಕ್ಕೆ ಜೋಡಿಸಿ ಬಳಕೆಗೆ ತರುವವರಿಗೆ) ಗ್ನೋಮ್ ಡಿಸ್ಕ್ಸ್ ಐದಕ್ಕೆ ನಾಲ್ಕು ಅಂಕದ ಆ್ಯಪ್. ‘ಎಡಿಟ್ ಮೌಂಟ್ ಆಪ್ಷನ್ಸ್’ನಲ್ಲಿ ‘ಯೂಸರ್ ಸೆಷನ್ ಡಿಫಾಲ್ಟ್ಸ್’ ಆಫ್ ಮಾಡಿದರೆ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯ ಫೈಲ್) ಸಾಲನ್ನು ಅದೇ ಬರೆಯುತ್ತದೆ. ‘ನೋಫೇಲ್’ ಸೇರಿಸುವುದರಿಂದ ಡಿಸ್ಕ್ ಕಿತ್ತರೂ ಬೂಟ್ ನಿಲ್ಲದು.

ಒಂದು ಅಂಕ ಕಳೆದದ್ದು ಪರ್ಮಿಷನ್ (ಫೈಲ್ ಬಳಸುವ ಅನುಮತಿ) ವಿಚಾರಕ್ಕೆ. ಹೊಸ ಇಎಕ್ಸ್‌ಟಿ4 (ಲಿನಕ್ಸ್‌ನ ಡಿಸ್ಕ್ ಫಾರ್ಮ್ಯಾಟ್) ಪಾರ್ಟಿಷನ್ ಕೆಲವೊಮ್ಮೆ ರೂಟ್ (ನಿರ್ವಾಹಕ ಖಾತೆ) ಹೆಸರಲ್ಲೇ ಇರುತ್ತದೆ, ಆಗ ಫೈಲ್ ಹಾಕಲು ಬಿಡುವುದಿಲ್ಲ. ಅದರ ಮೌಂಟ್ ಆಪ್ಷನ್ಸ್‌ನಲ್ಲಿ ‘ಯುಐಡಿ=1000’ (ಒಡೆಯನ ಬಳಕೆದಾರ ಸಂಖ್ಯೆ) ಬರೆದರೆ ಮೌಂಟೇ ಆಗದು; ಅದು ವಿಂಡೋಸ್‌ನ ಫಾರ್ಮ್ಯಾಟ್‌ಗಳಾದ ಎನ್‌ಟಿಎಫ್‌ಎಸ್, ಫ್ಯಾಟ್‌ಗಳಿಗೆ. ಮೌಂಟ್ ಆದ ಮೇಲೆ ‘ಟೇಕ್ ಓನರ್‌ಶಿಪ್’ ಒತ್ತಿ, ಇಲ್ಲವೇ ಟರ್ಮಿನಲ್‌ನಲ್ಲಿ ಒಡೆತನ ಬದಲಿಸುವ ‘ಸುಡೋ ಚೋನ್’ ಕಮಾಂಡ್ ಕೊಡಿ. ಮುಂಚೆಯೇ ಕೊಟ್ಟರೆ ಅಡಿಯ ಖಾಲಿ ಫೋಲ್ಡರಿಗಷ್ಟೇ ತಾಗುತ್ತದೆ. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777ರ ಸಹವಾಸ ಮಾತ್ರ ಬೇಡಪ್ಪಾ!

ಎನ್‌ಟಿಎಫ್‌ಎಸ್ ಡಿಸ್ಕ್ ಓದಲಷ್ಟೇ ಸಿಕ್ಕರೆ ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ನೋಡಿ.