ಅಜ್ಜಿ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ತಿಂಗಳಿಗೆ 4000: ಮಿಷನ್ ವಾತ್ಸಲ್ಯ ನಿಜಕ್ಕೂ ಉಪಯೋಗವೇ?

ಉಪಯೋಗವಿದೆ, ಖಂಡಿತ ಅರ್ಜಿ ಹಾಕಿ. ತೀರಿಕೊಂಡ ನಮ್ಮ ಅಕ್ಕನ ಮಗಳು ತನ್ನ ಅಜ್ಜಿ, ಅಂದರೆ ನಮ್ಮ ಅಮ್ಮನ ಹತ್ತಿರ ಬೆಳೆಯುತ್ತಿದ್ದಾಳೆ, ಅಪ್ಪನೂ ಇಲ್ಲ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆಯ ಪ್ರಾಯೋಜಕತ್ವದಲ್ಲಿ, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ಧನಸಹಾಯದಲ್ಲಿ, ಅವಳಿಗೆ ತಿಂಗಳಿಗೆ 4000 ರೂಪಾಯಿ ಮಂಜೂರಾಗಿದೆ. ಮಗುವನ್ನು ಹಾಸ್ಟೆಲ್‌ಗೋ ಬಾಲಮಂದಿರಕ್ಕೋ ಕಳಿಸದೆ ಸ್ವಂತದವರ ಮಡಿಲಲ್ಲೇ ಇಟ್ಟುಕೊಳ್ಳಲು ಇದು ದೊಡ್ಡ ಆಸರೆ. ನೋಟ್‌ಬುಕ್, ಬಟ್ಟೆ, ಹಾಲು, ಔಷಧಿ ಎಲ್ಲಕ್ಕೂ ಅಮ್ಮ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಬೇಜಾರಾಗಿದ್ದು ಆದಾಯದ ಮಿತಿ ನೋಡಿ. ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ದಾಟಬಾರದಂತೆ. ಅಂದರೆ ಹಳ್ಳಿಯಲ್ಲಿ ತಿಂಗಳಿಗೆ ಬರೀ 6000! ಮನೆಯಲ್ಲಿ ಇಬ್ಬರು ಕೂಲಿಗೆ ಹೋದರೂ ಅದು ದಾಟಿಬಿಡುತ್ತದೆ, ಆದರೆ ಆ ಮನೆಗೂ ಮಗು ಸಾಕುವುದು ಕಷ್ಟವೇ ಅಲ್ವಾ? ಇದನ್ನು ಜಾಸ್ತಿ ಮಾಡಲೇಬೇಕು.

ನಾವು ಹೋದ ಕಚೇರಿಯಲ್ಲಿ ಒಂದೊಂದು ಸಲ ಒಂದೊಂದು ದಾಖಲೆ ಕೇಳಿ ವಯಸ್ಸಾದವರನ್ನು ಸುಮ್ನೆ ಅಲೆಸಿದರು, ಹಣವೂ ಕೆಲವು ತಿಂಗಳದ್ದು ಸೇರಿ ತಡವಾಗಿ ಬಂತು. ಮನೆಗೆ ಬಂದು ವಿಚಾರಿಸಿದ ಸಿಬ್ಬಂದಿ ಮಾತ್ರ ಮಗುವಿನ ಜೊತೆ ತುಂಬಾ ಪ್ರೀತಿಯಿಂದ ಮಾತನಾಡಿದರು.

ಮರಣ ಪತ್ರ, ಆದಾಯ ಪತ್ರ, ಆಧಾರ್, ಶಾಲೆಯ ದಾಖಲೆ, ಪಾಸ್‌ಬುಕ್ ಜೋಡಿಸಿಕೊಂಡು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಎಲ್ಲಿದೆ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಿ.