ಅಸೈನ್‌ಮೆಂಟೋ, ನೇರ ಸಂದರ್ಶನವೋ?

ಸಾಫ್ಟ್‌ವೇರ್ ಕೆಲಸಕ್ಕೆ ಅರ್ಜಿ ಹಾಕಿದಾಗ, ಮನೆಯಲ್ಲೇ ಮಾಡಿ ಕಳುಹಿಸುವ ಅಸೈನ್‌ಮೆಂಟ್ (ಪರೀಕ್ಷೆಗಾಗಿ ಕೊಡುವ ಕೋಡಿಂಗ್ ಕೆಲಸ) ಮತ್ತು ಕಚೇರಿಗೆ ಹೋಗಿ ಎದುರಿಸುವ ಸಂದರ್ಶನ, ಇವೆರಡರಲ್ಲಿ ಯಾವುದಕ್ಕೆ ಸಂಬಳವಿಲ್ಲದ ಶ್ರಮ ಹಾಕಬಹುದು ಎಂದು ಕೇಳಿದ್ದೀರಿ.

ಸಮಯದ ಲೆಕ್ಕದಲ್ಲಿ ಸಂದರ್ಶನಕ್ಕೊಂದು ಮಿತಿಯಿದೆ. ಎದುರಿಗೆ ಕುಳಿತವರ ಗಂಟೆಯೂ ಖರ್ಚಾಗುವುದರಿಂದ ಅವರು ಅದನ್ನು ಸುಮ್ಮನೆ ಎಳೆಯುವುದಿಲ್ಲ. ಆದರೆ ಬೆಂಗಳೂರಿನ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿಬರುವಷ್ಟರಲ್ಲಿ ಅರ್ಧ ದಿನದ ರಜೆ ಕಳೆದಿರುತ್ತದೆ. ಅಸೈನ್‌ಮೆಂಟಿಗೆ ರಜೆ ಬೇಡ, ನಿಜ. ಆದರೆ ಮೂರು ಗಂಟೆಯ ಕೆಲಸವೆಂದು ಕೊಟ್ಟದ್ದು, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಬರೆದು, ಅದನ್ನು ವಿವರಿಸುವ ರೀಡ್‌ಮಿ ಕಡತ ತಿದ್ದಿ ಮುಗಿಸುವ ಹೊತ್ತಿಗೆ ಶನಿವಾರ, ಭಾನುವಾರ ಎರಡನ್ನೂ ನುಂಗಿಬಿಡಬಹುದು, ಮತ್ತು ಅದನ್ನು ಹತ್ತಾರು ಜನರಿಗೆ ಕಳುಹಿಸಲು ಕಂಪನಿಗೆ ಏನೂ ಖರ್ಚಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಉದ್ಯೋಗಿಯಲ್ಲದ ನೀವು ಬರೆದ ಕೋಡ್‌ನ ಹಕ್ಕು, ಲಿಖಿತವಾಗಿ ಬಿಟ್ಟುಕೊಡದ ಹೊರತು, ಸಾಮಾನ್ಯವಾಗಿ ನಿಮ್ಮದೇ. ಹೀಗಾಗಿ ತಮ್ಮ ಉತ್ಪನ್ನದ ಭಾಗವನ್ನೇ ಮಾಡಿಕೊಡಿ ಎಂದವರಲ್ಲಿ ಹಣ ಕೇಳುವುದು ತಪ್ಪಲ್ಲ.

ತೋರಿಸಲು ಹಿಂದಿನ ಕೆಲಸವಿಲ್ಲದ ಹೊಸಬರಿಗೂ ಎದುರೆದುರು ಮಾತಿಗೆ ತಡವರಿಸುವವರಿಗೂ ಅಸೈನ್‌ಮೆಂಟ್ ಅನುಕೂಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ಅನುಭವವುಳ್ಳವರು ಸಂದರ್ಶನವನ್ನೇ ಕೇಳುವುದು ಒಳ್ಳೆಯದು. ಯಾವುದಾದರೂ ಸರಿ, ಸಂಬಳದ ಶ್ರೇಣಿಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.